ತಣ್ಣಗಿನ ಎಂಜಿನಿಗೆ ಗಾಳಿ ಕೊಡುವ ವಾಲ್ವು

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಸ್ವಂತ ಕಾರು ಇಟ್ಟವರು ಕಡಿಮೆ. ಹಳೆಯ ಕಾರು ಇಟ್ಟು ಅದನ್ನು ಪ್ರೀತಿಯಿಂದ ಸಾಕುವವರು ಇನ್ನೂ ಕಡಿಮೆ. ಆದರೆ ಕಾರು ಓಡಿಸಿ ಹೊಟ್ಟೆ ಹೊರೆಯುವವರೂ ವರ್ಕ್‌ಷಾಪುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರೂ ಸಂಜೆಯ ಹೊತ್ತು ಪತ್ರಿಕೆ ನೋಡಲು ಬರುತ್ತಾರೆ. ಕಳೆದ ಧನುರ್ಮಾಸದಲ್ಲಿ ನಡೆದ ಒಂದು ಪ್ರಸಂಗದಿಂದ ನಾವು ಕಲಿತ ವಿಷಯ ಇವರೆಲ್ಲರಿಗೂ ಉಪಯೋಗಕ್ಕೆ ಬಂದೀತೆಂದು ಇದನ್ನು ಬರೆಯುತ್ತಿದ್ದೇವೆ. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರೇ ಹೊರತು ಮೆಕ್ಯಾನಿಕರಲ್ಲ. ಆದಕಾರಣ ತಿಳಿದವರಿಗೆ ಇದರಲ್ಲಿ ಹೊಸತೇನೂ ಕಾಣದಿರಬಹುದು; ಅವರು ಮುಂದಿನ ಪುಟಕ್ಕೆ ಹೋಗಬಹುದು.

ಭವಾನಿಪುರಂನಲ್ಲಿರುವ ನಮ್ಮ ಹಿರಿಯ ಸದಸ್ಯರೊಬ್ಬರ ಬಳಿ ೧೯೮೦ರ ದಶಕದ ಒಂದು ಜರ್ಮನ್ ಕಾರು ಇದೆ. ಅವರ ಭಾವಮೈದುನರು ಕೊಲ್ಲಿ ದೇಶದಿಂದ ಹಿಂದಿರುಗುವಾಗ ತಂದದ್ದು. ರಾಯರು ಪ್ರತಿವರ್ಷವೂ ಧನುರ್ಮಾಸದಲ್ಲಿ ಬೆಳಗಿನ ಜಾವ ಎದ್ದು, ಮನೆಯವರನ್ನು ಕೂರಿಸಿಕೊಂಡು, ಇಂದ್ರಕೀಲಾದ್ರಿಯ ಕನಕದುರ್ಗಮ್ಮನ ದರ್ಶನಕ್ಕೆ ಹೋಗುವ ಪದ್ಧತಿ ಇಟ್ಟುಕೊಂಡಿದ್ದಾರೆ. ಈ ಸಲ ಕಾರು ಬೆಳಗ್ಗೆ ಹೊತ್ತಿಕೊಳ್ಳುವುದು, ಎರಡು ಗಳಿಗೆ ನಡುಗಿ ನಿಂತುಬಿಡುವುದು. ಮತ್ತೆ ಹೊತ್ತಿಸಿದರೆ ಆಕ್ಸಿಲರೇಟರಿನ ಮೇಲೆ ಕಾಲಿಟ್ಟಿರುವಷ್ಟು ಹೊತ್ತು ಓಡುವುದು, ಕಾಲು ತೆಗೆದರೆ ಸತ್ತುಹೋಗುವುದು. ಒಂದು ದಿನ ಗಲ್ಲಿಯಿಂದ ಹೈದರಾಬಾದು ಹೆದ್ದಾರಿಗೆ ತಿರುಗುವ ಕಡೆ ಎಂಜಿನು ನಿಂತಿತು. ಹಿಂದಿನಿಂದ ಜಲ್ಲಿ ತುಂಬಿದ ಲಾರಿ ಬರುತ್ತಿತ್ತು. ಲಾರಿಯವನು ಎಚ್ಚರವಾಗಿದ್ದುದರಿಂದ ಉಳಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಂಜಿನು ನಿಂತರೆ ಕಾರು ನಿಲ್ಲುತ್ತದೆ, ಅಷ್ಟೇ ತಾನೇ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಬ್ರೇಕಿಗೆ ಬಲ ಕೊಡುವ ಡಬ್ಬಿಯು ಎಂಜಿನಿನ ಹೀರುವಿಕೆಯಿಂದ ಕೆಲಸ ಮಾಡುವಂಥದು. ಎಂಜಿನು ನಿಂತ ಮೇಲೆ ಆ ಡಬ್ಬಿಯಲ್ಲಿ ಒಂದೆರಡು ಸಲ ತುಳಿಯುವಷ್ಟು ಬಲ ಮಾತ್ರ ಉಳಿದಿರುತ್ತದೆ. ಆಮೇಲೆ ಪೆಡಲು ಕಲ್ಲಿನಂತಾಗುತ್ತದೆ. ಪವರ್ ಸ್ಟಿಯರಿಂಗು ಇದ್ದರೆ ಅದೂ ಬಿಗಿಯಾಗುತ್ತದೆ. ಎಪ್ಪತ್ತು ದಾಟಿದವರ ಕೈಯಲ್ಲಿ ಇದು ಸಣ್ಣ ಅಪಾಯವಲ್ಲ.

ರಾಯರು ಸುಮ್ಮನೆ ಕೂತಿರಲಿಲ್ಲ. ಒಂದು ಕಡೆ ಪ್ಲಗ್ಗುಗಳನ್ನು ಬದಲಾಯಿಸಿದರು. ಇನ್ನೊಂದು ಕಡೆ ಪೆಟ್ರೋಲ್ ಪಂಪನ್ನೇ ಹೊಸದು ಹಾಕಿದರು. ಮೂರನೆಯವನು, "ಗಾಡಿಗೆ ವಯಸ್ಸಾಯಿತು ಸಾರ್, ಗುಜರಿಗೆ ಕೊಡಿ" ಎಂದ. ಮನೆಯಲ್ಲಿ ಮಕ್ಕಳೂ ಅದನ್ನೇ ಹೇಳಿದರು. ರಾಯರು ನಮ್ಮೊಡನೆ ಇದನ್ನು ಹೇಳುವಾಗ ಅವರ ಧ್ವನಿ ಕಾರಿನ ವಿಷಯ ಮಾತ್ರ ಮಾತನಾಡುತ್ತಿರುವಂತೆ ನಮಗೆ ಕೇಳಿಸಲಿಲ್ಲ.

ಮೂವರಿಗೂ ರೋಗ ಸಿಕ್ಕದಿದ್ದುದಕ್ಕೆ ಕಾರಣ ಬಹಳ ಸರಳವಾದದ್ದು. ರಾಯರು ಹತ್ತು ಗಂಟೆಗೆ ಊಟ ಮುಗಿಸಿ ಕಾರನ್ನು ವರ್ಕ್‌ಷಾಪಿಗೆ ಒಯ್ಯುತ್ತಿದ್ದರು. ಅಲ್ಲಿಗೆ ಮುಟ್ಟುವ ಹೊತ್ತಿಗೆ ಎಂಜಿನು ಬಿಸಿಯಾಗಿರುತ್ತಿತ್ತು, ಬಿಸಿಯಾದ ಮೇಲೆ ಕಾರಿನಲ್ಲಿ ದೋಷವೇ ಇಲ್ಲ! ದಿನದ ಮೊದಲ ಐದಾರು ನಿಮಿಷಗಳಲ್ಲಿ ಮಾತ್ರ ಇರುವ ರೋಗವನ್ನು ಹನ್ನೊಂದು ಗಂಟೆಗೆ ನೋಡುವ ವೈದ್ಯನು ಹೇಗೆ ಕಂಡುಹಿಡಿದಾನು? ಇಂಥ ದೋಷವಿದ್ದರೆ ಕಾರನ್ನು ರಾತ್ರಿಯೇ ವರ್ಕ್‌ಷಾಪಿನಲ್ಲಿ ಬಿಟ್ಟು, ಬೆಳಗ್ಗೆ ಯಾರೂ ಹೊತ್ತಿಸದ ಮೊದಲೇ ನೋಡಬೇಕೆಂದು ಹೇಳತಕ್ಕದ್ದು. ಅಥವಾ ಮೆಕ್ಯಾನಿಕನನ್ನೇ ಮುಂಜಾನೆ ಮನೆಗೆ ಕರೆಯಬೇಕು. ನಾವು ಎರಡನೆಯದನ್ನು ಮಾಡಿದೆವು. ಪರಿಚಯದ ಒಬ್ಬ ತೆಲುಗು ಹುಡುಗ ಬರಲು ಒಪ್ಪಿದ. ಎಂಜಿನು ತಣ್ಣಗಿರುವಾಗಿನ ದೋಷ ಎಂದು ಹೇಳಿದೊಡನೆ ಅವನು ನಗುತ್ತಾ, "ಇಕ್ಕಡ ಚಲಿ ಎಕ್ಕಡುಂದಿ ಸಾರ್?" ಎಂದ. ಇಲ್ಲಿ ಚಳಿ ಎಲ್ಲಿದೆ ಎಂದರ್ಥ.

ಪ್ರಶ್ನೆ ನ್ಯಾಯವಾದದ್ದೇ. ಮೇ ತಿಂಗಳಲ್ಲಿ ೪೦ ಡಿಗ್ರಿ ದಾಟುವ ಬೆಜವಾಡೆಯಲ್ಲಿ ಜನವರಿಯ ನಸುಕಿನಲ್ಲಿಯೂ ಸಾಮಾನ್ಯವಾಗಿ ೧೮, ೨೦ ಡಿಗ್ರಿಯ ಆಸುಪಾಸು. ಮಡಿಕೇರಿಯವರು ಇದನ್ನು ಚಳಿಯೆಂದು ಒಪ್ಪಲಾರರು. ಆದರೆ ಚಳಿಯು ನಮಗಲ್ಲ, ಎಂಜಿನಿಗೆ. ಸರಿಯಾಗಿ ಓಡುವ ಎಂಜಿನಿನ ನೀರು ೮೦ರಿಂದ ೯೦ ಡಿಗ್ರಿಯವರೆಗೆ ಬಿಸಿಯಾಗಿರಬೇಕು. ಆ ಲೆಕ್ಕದಲ್ಲಿ ೨೦ ಡಿಗ್ರಿಯ ಎಂಜಿನು ಎಂದರೆ ತಣ್ಣಗೆ ಕೊರೆಯುವ ಎಂಜಿನೇ. ಅದರೊಳಗಿನ ಎಣ್ಣೆ ಮಂದವಾಗಿರುತ್ತದೆ; ಪಿಸ್ಟನ್ನುಗಳು ಜಾರಲು ಹೆಚ್ಚು ಬಲ ಬೇಡುತ್ತವೆ. ಪೆಟ್ರೋಲು ಪೂರ್ತಿ ಆವಿಯಾಗದೆ ಒಂದು ಪಾಲು ತಣ್ಣಗಿನ ಗೋಡೆಗಳಿಗೆ ಅಂಟಿಕೊಂಡು ಹನಿಯಾಗಿಯೇ ಉಳಿಯುತ್ತದೆ. ಆದುದರಿಂದ ಮೊದಲ ಕೆಲವು ನಿಮಿಷ ಎಂಜಿನಿಗೆ ಎರಡು ಬೇಕು: ಪೆಟ್ರೋಲು ಹೆಚ್ಚು ಬೇಕು, ಗಾಳಿಯೂ ಹೆಚ್ಚು ಬೇಕು. ಪೆಟ್ರೋಲು ಹೆಚ್ಚು ಬೇಕೆಂಬುದು ಎಲ್ಲರಿಗೂ ಗೊತ್ತು. ಗಾಳಿಯನ್ನು ಮರೆಯುತ್ತಾರೆ.

ಹಿಂದಿನ ಕಾರುಗಳಲ್ಲಿ ಈ ಎರಡೂ ಕೆಲಸವನ್ನು ಮಾಡುತ್ತಿದ್ದುದು ಚೋಕು. ೧೯೫೮ರಿಂದ ೨೦೧೪ರವರೆಗೆ ತಯಾರಾದ ಅಂಬಾಸಡರನ್ನಾಗಲಿ, ಫಿಯೆಟ್ ಎಂದೇ ಜನ ಕರೆಯುತ್ತಿದ್ದ ಪದ್ಮಿನಿಯನ್ನಾಗಲಿ, ೧೯೮೩ರಲ್ಲಿ ಬಂದ ಮಾರುತಿ ೮೦೦ನ್ನಾಗಲಿ ಓಡಿಸಿದವರಿಗೆ ಆ ಗುಂಡಿಯನ್ನು ಎಳೆದ ನೆನಪಿರುತ್ತದೆ. ಗುಂಡಿ ಎಳೆದರೆ ಕಾರ್ಬುರೇಟರಿನ ಬಾಯಿಯನ್ನು ಒಂದು ತಗಡು ಮುಚ್ಚಿ ಪೆಟ್ರೋಲಿನ ಪಾಲು ಹೆಚ್ಚುತ್ತಿತ್ತು. ಅದೇ ತಂತಿಯು ಕೆಳಗಿನ ಥ್ರಾಟಲ್ ಬಿಲ್ಲೆಯನ್ನು ಕೂದಲೆಳೆಯಷ್ಟು ತೆರೆದು ಎಂಜಿನನ್ನು ಸ್ವಲ್ಪ ಜೋರಾಗಿ ಓಡಿಸುತ್ತಿತ್ತು. ಎಂಜಿನು ಕಾದ ಮೇಲೆ ಗುಂಡಿಯನ್ನು ಒಳಗೆ ತಳ್ಳುವುದು ಓಡಿಸುವವನ ಜವಾಬ್ದಾರಿ. ಮರೆತವರ ಕಾರು ಕಪ್ಪು ಹೊಗೆ ಬಿಡುತ್ತಾ ಹೋಗುತ್ತಿತ್ತು.

ಪೆಟ್ರೋಲನ್ನು ಸಿಂಪಡಿಸುವ ಪದ್ಧತಿ ಬಂದ ಮೇಲೆ ಗುಂಡಿ ಹೋಯಿತು. ಜರ್ಮನಿಯ ಬಾಷ್ ಕಂಪನಿಯವರು ೧೯೬೭ರಲ್ಲಿ ಒಂದು ಪದ್ಧತಿಯನ್ನೂ, ೧೯೭೩ರಲ್ಲಿ ಕೆ-ಜೆಟ್ರಾನಿಕ್ ಎಂಬ ಇನ್ನೊಂದನ್ನೂ ಪೇಟೆಗೆ ತಂದರು. ಬೆಂಗಳೂರಿನ ಆಡುಗೋಡಿಯಲ್ಲಿದ್ದ ಮೈಕೋ ಕಾರ್ಖಾನೆಯನ್ನು ತಿಳಿಯದ ಕನ್ನಡಿಗರು ವಿರಳ. ೧೯೫೧ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ಇದೇ ಬಾಷ್ ಮನೆತನದ್ದು, ೨೦೦೮ರಲ್ಲಿ ಹೆಸರನ್ನೂ ಬಾಷ್ ಎಂದೇ ಬದಲಾಯಿಸಿಕೊಂಡಿತು. ಕೆ-ಜೆಟ್ರಾನಿಕ್ ಪದ್ಧತಿ ಪೋರ್ಷೆ, ಮರ್ಸಿಡಿಸ್, ಆಡಿ, ವೋಲ್ವೋ, ಫೋಕ್ಸ್‌ವ್ಯಾಗನ್ ಮುಂತಾದ ಅನೇಕ ಕಾರುಗಳಲ್ಲಿತ್ತು. ಅದರಲ್ಲಿ ಚೋಕಿನ ಕೆಲಸವನ್ನು ಹಂಚಿದ್ದಾರೆ. ಸ್ಟಾರ್ಟರು ತಿರುಗುವಾಗ ಮಾತ್ರ ಕೆಲವು ಕ್ಷಣ ಹೆಚ್ಚಿನ ಪೆಟ್ರೋಲು ಚಿಮುಕಿಸಲು ಬೇರೊಂದು ಇಂಜೆಕ್ಟರು, ಆಮೇಲೆ ಎಂಜಿನು ಕಾಯುವವರೆಗೆ ಮಿಶ್ರಣವನ್ನು ಗಟ್ಟಿಯಾಗಿಡಲು ಮತ್ತೊಂದು ಉಪಕರಣ, ಗಾಳಿಗೆ ಮೂರನೆಯದು. ಈ ಮೂರನೆಯದೇ ನಮ್ಮ ವಾಲ್ವು. ಕೆಲವರು ಹೆಚ್ಚುವರಿ ಗಾಳಿಯ ವಾಲ್ವು ಎನ್ನುತ್ತಾರೆ, ವರ್ಕ್‌ಷಾಪಿನ ಹುಡುಗರು ಬರೀ ಏರ್ ವಾಲ್ವು ಎನ್ನುತ್ತಾರೆ.

ಇದು ಮುಷ್ಟಿಯಷ್ಟು ಗಾತ್ರದ ಲೋಹದ ಡಬ್ಬಿ. ಎರಡು ಕಡೆ ಹೆಬ್ಬೆರಳು ದಪ್ಪದ ರಬ್ಬರು ಕೊಳವೆಗಳು. ಒಂದು ಕೊಳವೆಯು ಥ್ರಾಟಲ್ ಬಿಲ್ಲೆಗೆ ಮೊದಲಿನ ಜಾಗದಿಂದ ಗಾಳಿಯನ್ನು ತರುತ್ತದೆ, ಇನ್ನೊಂದು ಬಿಲ್ಲೆಯ ಆಚೆಗೆ ಬಿಡುತ್ತದೆ. ಅಂದರೆ ಬಾಗಿಲು ಮುಚ್ಚಿದ್ದರೂ ಪಕ್ಕದ ಓಣಿಯಿಂದ ಒಳಗೆ ಹೋದಂತೆ. ಗಾಳಿಯನ್ನು ಅಳೆಯುವ ತಟ್ಟೆಯನ್ನು ದಾಟಿಯೇ ಈ ಗಾಳಿ ಬರುವುದರಿಂದ ಅದಕ್ಕೆ ತಕ್ಕ ಪೆಟ್ರೋಲು ತಾನಾಗಿಯೇ ಸೇರುತ್ತದೆ. ಇದನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ರಬ್ಬರು ಕೊಳವೆ ಬಿರಿದು ಹೊರಗಿನ ಗಾಳಿ ನುಗ್ಗಿದರೆ ಅದು ಲೆಕ್ಕಕ್ಕೆ ಬಾರದ ಗಾಳಿ. ಅದಕ್ಕೆ ಪೆಟ್ರೋಲು ಸೇರುವುದಿಲ್ಲ, ಎಂಜಿನು ತಡವರಿಸುತ್ತದೆ. ನಮ್ಮಂಥ ಲೆಕ್ಕದವರಿಗೆ ಇದು ಬೇಗ ಅರ್ಥವಾಗುತ್ತದೆ: ಪುಸ್ತಕದಲ್ಲಿ ಬರೆದ ಖರ್ಚು ಬೇರೆ, ಬರೆಯದ ಖರ್ಚು ಬೇರೆ.

ಡಬ್ಬಿಯೊಳಗೆ ತೂತುಳ್ಳ ಒಂದು ಸಣ್ಣ ಬಿಲ್ಲೆ, ಅದನ್ನು ಸರಿಸುವ ಒಂದು ಲೋಹದ ಪಟ್ಟಿ ಇವೆ. ಪಟ್ಟಿಯು ಎರಡು ಬಗೆಯ ಲೋಹಗಳನ್ನು ಬೆಸೆದು ಮಾಡಿದ್ದು. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ; ಆದ್ದರಿಂದ ಪಟ್ಟಿ ಬಾಗುತ್ತದೆ. ಇಸ್ತ್ರಿ ಪೆಟ್ಟಿಗೆ ತಕ್ಕಷ್ಟು ಕಾದೊಡನೆ ಟಕ್ಕೆಂದು ಆರುವುದು ಇದೇ ಪಟ್ಟಿಯಿಂದ. ಹಳೆಯ ಟ್ಯೂಬ್‌ಲೈಟಿನ ಸ್ಟಾರ್ಟರಿನಲ್ಲಿ ಇದೇ. ನಮ್ಮ ಗಿರಣಿಯ ಮೋಟಾರಿಗೆ ಹೊರೆ ಹೆಚ್ಚಾದಾಗ ಕರೆಂಟು ಕಡಿಯುವ ರಿಲೇಯಲ್ಲಿಯೂ ಇದೇ ಇದೆ. ವಾಲ್ವಿನ ಪಟ್ಟಿಗೆ ತೆಳ್ಳನೆಯ ತಂತಿ ಸುತ್ತಿರುತ್ತಾರೆ. ಎಂಜಿನು ಓಡತೊಡಗಿದಾಗ ಆ ತಂತಿಗೆ ಬ್ಯಾಟರಿಯ ೧೨ ವೋಲ್ಟು ಹರಿದು ಪಟ್ಟಿ ಮೆಲ್ಲನೆ ಕಾಯುತ್ತದೆ, ಬಾಗುತ್ತದೆ, ಬಿಲ್ಲೆ ಸರಿದು ಗಾಳಿಯ ದಾರಿ ಮುಚ್ಚುತ್ತದೆ. ಇದಕ್ಕೆ ಸುಮಾರು ೫ರಿಂದ ೧೦ ನಿಮಿಷ. ಅಷ್ಟರಲ್ಲಿ ಎಂಜಿನೂ ಕಾದಿರುತ್ತದೆ. ವಾಲ್ವನ್ನು ಎಂಜಿನಿನ ಮೈಗೇ ಬಿಗಿದಿರುವುದು ಯಾಕೆಂದರೆ, ಬಿಸಿ ಕಾರನ್ನು ಅರ್ಧ ಗಂಟೆ ನಿಲ್ಲಿಸಿ ಮತ್ತೆ ಹೊತ್ತಿಸಿದಾಗ ಅದು ವೃಥಾ ತೆರೆದಿರಬಾರದು.

ತೊಂಬತ್ತರ ದಶಕದ ಕೆಲವು ಜಪಾನೀ ಎಂಜಿನುಗಳಲ್ಲಿ ಪಟ್ಟಿಯ ಬದಲು ಮೇಣದ ಗುಳಿಗೆ ಇರುತ್ತದೆ. ಎಂಜಿನಿನ ಬಿಸಿನೀರು ಹರಿದು ಮೇಣ ಉಬ್ಬಿ ಕವಾಟವನ್ನು ತಳ್ಳುತ್ತದೆ. ಅದಕ್ಕೆ ಕರೆಂಟು ಬೇಡ. ಈಚಿನ ಕಾರುಗಳಲ್ಲಿ ಇವೆರಡೂ ಇಲ್ಲ. ಕಂಪ್ಯೂಟರೇ ಗಾಳಿಯ ಲೆಕ್ಕ ನೋಡಿಕೊಳ್ಳುತ್ತದೆ. ಅವುಗಳ ಬಗ್ಗೆ ಈ ಲೇಖನ ಹೇಳುವುದಿಲ್ಲ.

ಇನ್ನು ಪರೀಕ್ಷೆ. ಇದಕ್ಕೆ ಒಂದು ಇಕ್ಕಳ, ಒಂದು ಚಿಂದಿ ಬಟ್ಟೆ ಸಾಕು. ರಾತ್ರಿಯೆಲ್ಲಾ ನಿಂತ ಕಾರನ್ನು ಬೆಳಗ್ಗೆ ಹೊತ್ತಿಸಬೇಕು. ಗೇರು ನ್ಯೂಟ್ರಲಿನಲ್ಲಿ, ಕೈಬ್ರೇಕು ಎಳೆದು, ವಾಲ್ವಿನ ಒಂದು ರಬ್ಬರು ಕೊಳವೆಯನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಒತ್ತಿ ಮುಚ್ಚಬೇಕು. ಲುಂಗಿ, ಟವೆಲು, ಸಡಿಲು ತೋಳಿನ ಅಂಗಿ ಇವು ಫ್ಯಾನಿನ ಹತ್ತಿರ ಬರಕೂಡದು. ವಾಲ್ವು ಸರಿಯಾಗಿದ್ದರೆ, ಕೊಳವೆ ಒತ್ತಿದೊಡನೆ ಎಂಜಿನಿನ ಓಟ ಕಿವಿಗೆ ಕೇಳುವಂತೆ ಇಳಿಯುತ್ತದೆ. ನಿಂತೇ ಹೋದರೂ ಹೋಗಬಹುದು. ಹದಿನೈದು ನಿಮಿಷ ಓಡಿ ಕಾದ ಮೇಲೆ ಮತ್ತೆ ಒತ್ತಿದರೆ ಏನೂ ವ್ಯತ್ಯಾಸವಾಗಬಾರದು.

ತಣ್ಣಗಿರುವಾಗ ಒತ್ತಿದರೂ ಓಟ ಇಳಿಯಲಿಲ್ಲವಾದರೆ ಗಾಳಿ ಹೋಗುತ್ತಲೇ ಇಲ್ಲ; ವಾಲ್ವು ಮುಚ್ಚಿಕೊಂಡು ಅಂಟಿದೆ ಎಂದರ್ಥ. ಬಿಸಿಯಾದ ಮೇಲೂ ಒತ್ತಿದಾಗ ಓಟ ಇಳಿದರೆ ತೆರೆದುಕೊಂಡೇ ಇದೆ. ಎರಡನೆಯ ದೋಷವಿದ್ದವರು ಮಾಡುವ ಒಂದು ತಪ್ಪನ್ನು ಹೇಳಬೇಕು. ಕಾರು ಬಿಸಿಯಾದ ಮೇಲೂ ಜೋರಾಗಿ ಓಡುತ್ತದೆಂದು ಐಡ್ಲಿಂಗ್ ತಿರುಪನ್ನು ತಿರುಗಿಸಿ ತಗ್ಗಿಸುತ್ತಾರೆ. ಓಟ ತಗ್ಗುತ್ತದೆ, ದೋಷ ಮುಚ್ಚಿಹೋಗುತ್ತದೆ. ಹೊಸ ವಾಲ್ವು ಹಾಕಿದ ದಿನ ಕಾರು ನಿಲ್ಲತೊಡಗುತ್ತದೆ, ಆಗ ಹೊಸ ವಾಲ್ವೇ ಕೆಟ್ಟದ್ದೆಂದು ಅಂಗಡಿಯವನೊಡನೆ ಜಗಳ.

ಅಂದು ಬೆಳಗ್ಗೆ ಐದೂವರೆಗೆ ರಾಯರ ಮನೆಯ ಮುಂದೆ ನಾವು ಮೂವರೂ ಟಾರ್ಚು ಹಿಡಿದು ನಿಂತಿದ್ದೆವು. ರಾಯರು ಕೀಲಿ ತಿರುಗಿಸುವ ಮೊದಲು ಹಳೆಯ ಅಭ್ಯಾಸದಂತೆ ಆಕ್ಸಿಲರೇಟರನ್ನು ನಾಲ್ಕು ಸಲ ತುಳಿದರು. (ಕಾರ್ಬುರೇಟರಿನ ಕಾರಿನಲ್ಲಿ ಇದಕ್ಕೆ ಅರ್ಥವಿತ್ತು, ಈ ಪದ್ಧತಿಯ ಕಾರಿನಲ್ಲಿ ಎಂಜಿನು ನಿಂತಿರುವಾಗ ತುಳಿದರೆ ಒಂದು ಹನಿಯೂ ಬೀಳುವುದಿಲ್ಲ. ರಾಯರಿಗೆ ಹೇಳಿದೆವು. ಈಗಲೂ ತುಳಿಯುತ್ತಾರೆ.) ಎಂಜಿನು ಹೊತ್ತಿತು, ನಡುಗಿತು. ರಾಯರು ಕಾಲಿಟ್ಟು ಹಿಡಿದಿದ್ದರು. ಹುಡುಗ ಕೊಳವೆ ಒತ್ತಿದ. ಏನೂ ಆಗಲಿಲ್ಲ. ಬಿಟ್ಟ, ಮತ್ತೆ ಒತ್ತಿದ, ಏನೂ ಇಲ್ಲ. ಹುಡುಗನ ಮುಖದ ನಗು ಹೋಗಿ ಆಸಕ್ತಿ ಬಂದದ್ದು ಆಗ.

ವಾಲ್ವನ್ನು ಬಿಚ್ಚುವ ಮೊದಲು ವಿದ್ಯುತ್ತಿನ ಕಡೆಯನ್ನೂ ನೋಡಿಬಿಡುವುದು ಲೇಸು. ನಮ್ಮ ಗಿರಣಿಯ ಎಲೆಕ್ಟ್ರೀಷಿಯನರಿಂದ ಮೀಟರು ಕೇಳಿ ತಂದಿದ್ದೆವು. ಎಂಜಿನು ಓಡುತ್ತಿರುವಾಗ ಪ್ಲಗ್ಗು ಕಿತ್ತು ಅದರ ಎರಡು ತುದಿಗಳಲ್ಲಿ ನೋಡಿದರೆ ೧೨ ವೋಲ್ಟು ಅಥವಾ ಸ್ವಲ್ಪ ಹೆಚ್ಚು ಇರಬೇಕು. ಬರೀ ಕೀಲಿ ತಿರುಗಿಸಿ ಎಂಜಿನು ಓಡಿಸದೆ ನೋಡಿದರೆ ಸಾಮಾನ್ಯವಾಗಿ ಏನೂ ತೋರುವುದಿಲ್ಲ. ಏಕೆಂದರೆ ಪೆಟ್ರೋಲ್ ಪಂಪಿಗೆ ಕರೆಂಟು ಕೊಡುವ ರಿಲೇಯೇ ಇದಕ್ಕೂ ಕೊಡುತ್ತದೆ. ಇದನ್ನು ತಿಳಿಯದೆ ವೈರು ತುಂಡಾಗಿದೆಯೆಂದು ಹುಡುಕುತ್ತಾ ದಿನ ಕಳೆದವರಿದ್ದಾರೆ. ಬಳಿಕ ವಾಲ್ವಿನ ಎರಡು ಕಡ್ಡಿಗಳ ನಡುವೆ ಓಮು ಅಳೆಯಬೇಕು. ಮಾದರಿಗೆ ತಕ್ಕಂತೆ ಬೇರೆಯಾಗುವುದಾದರೂ ಹಲವು ವಾಲ್ವುಗಳಲ್ಲಿ ೩೦ರಿಂದ ೫೦ ಓಮಿನೊಳಗೆ ಬರುತ್ತದೆ. ಮೀಟರಿನ ಮುಳ್ಳು ಅಲುಗದಿದ್ದರೆ ಒಳಗಿನ ತಂತಿ ಕಡಿದಿದೆ. ತಂತಿ ಕಡಿದ ವಾಲ್ವು ಎಂಜಿನಿನ ಬಿಸಿಯಿಂದ ಮಾತ್ರ ಮುಚ್ಚಬೇಕಾದ್ದರಿಂದ ಬಹಳ ಹೊತ್ತು ಜೋರಾಗಿ ಓಡಿ ಪೆಟ್ರೋಲು ಕುಡಿಯುತ್ತದೆ. ರಾಯರ ವಾಲ್ವಿನಲ್ಲಿ ತಂತಿಯೂ ಸರಿ, ಕರೆಂಟೂ ಸರಿ. ದೋಷವೆಲ್ಲ ಬಿಲ್ಲೆಯದು.

ಬಿಚ್ಚುವಾಗ ಎಂಜಿನು ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿರಲಿ. ಯಾವ ಕೊಳವೆ ಯಾವ ಕಡೆಯದೆಂದು ಸೀಮೆಸುಣ್ಣದಿಂದ ಗುರುತಿಡಬೇಕು. ಪ್ಲಗ್ಗಿಗೆ ಒಂದು ಸಣ್ಣ ತಂತಿಯ ಕ್ಲಿಪ್ಪಿರುತ್ತದೆ. ಅದು ಚಿಮ್ಮಿ ಎಂಜಿನಿನ ಅಡಿಗೆ ಬಿದ್ದರೆ ದೇವರೇ ಹುಡುಕಿಕೊಡಬೇಕು, ಆದುದರಿಂದ ಬೆರಳಿನಿಂದ ಒತ್ತಿಹಿಡಿದು ತೆಗೆಯಬೇಕು. ನಲವತ್ತು ವರ್ಷದ ರಬ್ಬರು ಕೊಳವೆ ಕಟ್ಟಿಗೆಯಂತಾಗಿರುತ್ತದೆ. ಎಳೆದಾಡಿ ಮೂತಿ ಮುರಿಯುವುದಕ್ಕಿಂತ ಬ್ಲೇಡಿನಿಂದ ಸೀಳಿ ತೆಗೆಯುವುದು ಮೇಲು, ಹೇಗೂ ಹೊಸದು ಹಾಕಲೇಬೇಕು. ನೀರು ಹರಿಯುವ ಜಾತಿಯದಾದರೆ ಮೊದಲು ರೇಡಿಯೇಟರಿನ ನೀರನ್ನು ಇಳಿಸಿಕೊಳ್ಳಬೇಕು. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬಾರದೆಂದು ಹೇಳಬೇಕಾಗಿಲ್ಲ.

ಕೈಗೆ ಬಂದ ವಾಲ್ವಿನೊಳಗೆ ಟಾರ್ಚು ಬಿಟ್ಟು ನೋಡಬೇಕು. ನಮ್ಮ ಊರಿನ ಹವೆಯಲ್ಲಿ ಸರಿಯಾದ ವಾಲ್ವು ಪೂರ್ತಿ ತೆರೆದಿರುವುದಿಲ್ಲ. ಚೌತಿಯ ಚಂದ್ರನಂತೆಯೋ ಅಷ್ಟಮಿಯ ಚಂದ್ರನಂತೆಯೋ ಬೆಳಕು ಕಾಣುತ್ತದೆ. ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದರೆ ಚಂದ್ರ ದೊಡ್ಡದಾಗಬೇಕು. ಆಮೇಲೆ ಎರಡು ವೈರಿನಿಂದ ಬ್ಯಾಟರಿಗೆ ಕೊಟ್ಟರೆ ಕಣ್ಣೆದುರೇ ಕರಗುತ್ತಾ ಹತ್ತು ನಿಮಿಷದೊಳಗೆ ಅಮಾವಾಸ್ಯೆಯಾಗಬೇಕು. ವೈರುಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಮೇಣದ ಜಾತಿಯದನ್ನು ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ ಇದೇ ರೀತಿ ಪರೀಕ್ಷಿಸಬಹುದು.

ರಾಯರ ವಾಲ್ವಿನಲ್ಲಿ ಅಮಾವಾಸ್ಯೆಯೇ ಇತ್ತು. ಒಳಗೆ ಡಾಂಬರಿನಂಥ ಜಿಗುಟು. ಎಂಜಿನಿನ ಎಣ್ಣೆಯ ಆವಿ ಗಾಳಿಯೊಡನೆ ಸೇರಿ ಬಂದು ವರ್ಷಗಟ್ಟಲೆ ಕಟ್ಟಿದ್ದು. ಕಾರ್ಬುರೇಟರು ತೊಳೆಯುವ ಸ್ಪ್ರೇ ಹೊಡೆದು, ಅಲುಗಿಸಿ, ಸೋರಿಸಿ, ಮೂರು ಸಲ ತೊಳೆದೆವು. ಇದನ್ನು ಬಯಲಿನಲ್ಲಿ, ಬೆಂಕಿಯಿಂದ ದೂರ, ಬ್ಯಾಟರಿಗೆ ಕೊಡದಿರುವಾಗ ಮಾಡಬೇಕು, ಒಣಗಿದ ಮೇಲೆಯೇ ಕರೆಂಟು. ಸ್ಕ್ರೂಡ್ರೈವರಿನಿಂದ ಬಿಲ್ಲೆಯನ್ನು ತಿವಿಯಬಾರದು. ಪಟ್ಟಿ ಬಾಗಿದರೆ ವಾಲ್ವಿನ ಅಳತೆಯೇ ಕೆಡುತ್ತದೆ. ತೊಳೆದ ಮೇಲೆ ತೆಳ್ಳನೆಯ ಚಂದ್ರ ಕಂಡ. ಹಾಕಿ ನೋಡಿದರೆ ಕಾರು ಚೆನ್ನಾಗಿಯೇ ಹೊತ್ತಿತು. ರಾಯರು ಎಲ್ಲರಿಗೂ ಕಾಫಿ ಕೊಡಿಸಿದರು. ಎಂಟನೆಯ ದಿನ ಮತ್ತೆ ನಿಂತಿತು. ಬಿಲ್ಲೆಯ ಕೀಲೇ ಸವೆದಿತ್ತು. ತೊಳೆಯುವುದರಿಂದ ಹಲವು ವಾಲ್ವುಗಳು ಬದುಕುತ್ತವೆ, ಇದು ಬದುಕಲಿಲ್ಲ.

ಹೊಸ ವಾಲ್ವನ್ನು ತರಿಸುವ ಬೆಲೆ ಕೇಳಿ ರಾಯರು ಸುಮ್ಮನಾದರು. ಆದರೆ ಬೆಜವಾಡೆಯಲ್ಲಿರುವವರಿಗೆ ಒಂದು ಭಾಗ್ಯವಿದೆ, ಅದು ಜವಾಹರ್ ಆಟೋನಗರ. ಊರಿನ ಪೂರ್ವಕ್ಕಿರುವ ಈ ಬಡಾವಣೆಯಲ್ಲಿ ಲಾರಿಗೆ ಮೈಕಟ್ಟುವವರಿಂದ ಹಿಡಿದು ಒಂದು ನಟ್ಟು ಮಾರುವವರವರೆಗೆ ಎಲ್ಲರೂ ಇದ್ದಾರೆ. ೨೦೨೦ರಲ್ಲಿ ಕನಕದುರ್ಗಾ ಮೇಲ್ಸೇತುವೆ ತೆರೆದ ಮೇಲೆ ಭವಾನಿಪುರಂನಿಂದ ಪೇಟೆಯ ಕಡೆಗೆ ಹೋಗುವುದೂ ಸುಲಭವಾಗಿದೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ವಾಲ್ವು ಕೊಳ್ಳುವಾಗ ಮೀಟರನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಮೊದಲು ಸಿಕ್ಕಿದ್ದು ನೋಡಲು ಥಳಥಳ ಹೊಳೆಯುತ್ತಿತ್ತು. ಓಮು ನೋಡಿದರೆ ತಂತಿ ಕಡಿದಿತ್ತು. ಎರಡನೆಯ ಅಂಗಡಿಯದು ಮಣ್ಣು ಮೆತ್ತಿಕೊಂಡಿತ್ತು, ಆದರೆ ಅಂಗಡಿಯವರ ಬ್ಯಾಟರಿಗೇ ಕೊಟ್ಟು ಕೈಗಡಿಯಾರ ಹಿಡಿದು ನೋಡಿದಾಗ ಏಳು ನಿಮಿಷಕ್ಕೆ ಮುಚ್ಚಿತು. ಬೆಲೆ ಪೆಟ್ರೋಲ್ ಪಂಪಿಗೆ ಸುರಿದದ್ದರ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ವಾಲ್ವಿನ ಮೇಲೆ ಕೊರೆದಿರುವ ಅಂಕೆಗಳು ಹಳೆಯದಕ್ಕೆ ಹೊಂದುತ್ತವೆಯೇ ಎಂದು ನೋಡಿಕೊಳ್ಳುವುದನ್ನು ಮರೆಯಬಾರದು. ಹೊರಗಿನ ಆಕಾರ ಒಂದೇ ಇದ್ದರೂ ಒಳಗಿನ ತೂತು ಬೇರೆ ಇರಬಹುದು.

ಕೂರಿಸುವುದು ಬಿಚ್ಚಿದ್ದರ ತಿರುಗುಮುರುಗು ಅಷ್ಟೆ. ಬಾಣದ ಗುರುತಿದ್ದರೆ ಗಾಳಿ ಹೋಗುವ ದಿಕ್ಕಿಗೆ ಇರಲಿ. ಕೊಳವೆಯನ್ನು ಪೆಟ್ರೋಲಿನ ಆವಿ ತಡೆಯುವ ಜಾತಿಯದನ್ನೇ ಹಾಕಬೇಕು. ತೋಟಕ್ಕೆ ನೀರು ಬಿಡುವ ಕೊಳವೆ ಆಗದು. ಕ್ಲಿಪ್ಪುಗಳೂ ಹೊಸವಿರಲಿ. ಎಲ್ಲಿಯಾದರೂ ಗಾಳಿ ಹೀರುತ್ತಿದೆಯೇ ಎಂದು ತಿಳಿಯಲು ಒಂದು ಮೊಳ ರಬ್ಬರು ಕೊಳವೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಕೂಡಿಕೆಗಳ ಸುತ್ತ ಆಡಿಸಿದರೆ ಬುಸುಗುಟ್ಟುವುದು ಕೇಳುತ್ತದೆ. ಕೊನೆಗೆ, ಎಂಜಿನು ಪೂರ್ತಿ ಕಾದ ಮೇಲೆ ಮಾತ್ರ ಐಡ್ಲಿಂಗ್ ತಿರುಪನ್ನು ಸರಿಪಡಿಸಬೇಕು.

ವಾಲ್ವು ಸಿಗುವವರೆಗೆ ಏನು ಮಾಡುವುದೆಂದು ಕೇಳುವವರಿಗೆ: ಮುಚ್ಚಿ ಅಂಟಿದ್ದರೆ ಮನೆಯ ಮುಂದೆಯೇ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿಹಿಡಿದು ಐದಾರು ನಿಮಿಷ ಓಡಿಸಿ ಕಾಯಿಸಿ ಹೊರಡಬೇಕು. ಬಯಲಿನಲ್ಲಿ ಓಡಿಸಿರಿ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬೇಡ. ಹೊಗೆಯ ವಿಷ ಮೂಗಿಗೆ ತಿಳಿಯುವುದಿಲ್ಲ. ಹೆದ್ದಾರಿಗೆ ತಣ್ಣಗಿನ ಕಾರನ್ನು ಇಳಿಸಲೇಬಾರದು.

ಮರುದಿನ ಮುಂಜಾನೆ ಕಾರು ಕಾಲಿಡದೆಯೇ ನಿಮಿಷಕ್ಕೆ ಸುಮಾರು ೧೨೦೦ ಸುತ್ತಿನಲ್ಲಿ ಓಡತೊಡಗಿ, ಆರೇಳು ನಿಮಿಷಗಳಲ್ಲಿ ತಾನಾಗಿಯೇ ೮೫೦ಕ್ಕೆ ಇಳಿಯಿತು. ಕೊಳವೆ ಒತ್ತಿ ನೋಡಿದೆವು: ತಣ್ಣಗಿದ್ದಾಗ ಓಟ ಇಳಿಯಿತು, ಕಾದ ಮೇಲೆ ಅಲುಗಲಿಲ್ಲ. ಧನುರ್ಮಾಸದ ಉಳಿದ ದಿನಗಳಲ್ಲಿ ರಾಯರು ಒಂದು ದಿನವೂ ದರ್ಶನ ತಪ್ಪಿಸಲಿಲ್ಲ.

ಸವೆದ ಹಳೆಯ ವಾಲ್ವನ್ನು ರಾಯರು ನಮಗೆ ಕೊಟ್ಟಿದ್ದಾರೆ. ಹುಡುಗ ಅದನ್ನು ಗರಗಸದಿಂದ ಕುಯ್ದು ಒಳಗಿನ ಪಟ್ಟಿ, ತಂತಿ, ಬಿಲ್ಲೆ ಕಾಣುವಂತೆ ಮಾಡಿದ್ದಾನೆ. ವಾಚನಾಲಯದ ಕಪಾಟಿನಲ್ಲಿ ಕೆಳಗಿನ ಹಲಗೆಯ ಮೇಲೆ, ಪಂಚಾಂಗಗಳ ಪಕ್ಕದಲ್ಲಿಟ್ಟಿದ್ದೇವೆ. ನೋಡಬೇಕೆನ್ನುವವರು ಕೇಳಿ ನೋಡಬಹುದು.